29ನೆಯ ವಾರ, ಬಿಪಿ 142/92: ರಕ್ತದ ಯಾವ ಅಂಕಿ ಏನನ್ನು ಹೇಳುತ್ತದೆ?

ಪ್ರಶ್ನೆ: ಪೆರ್ಲದ ಅಕ್ಕ

ನನ್ನ ತಂಗಿಗೆ ಇದು ಚೊಚ್ಚಲ ಬಸಿರು. ಈಗ 29 ವಾರ ತುಂಬಿದೆ. ಐದನೆಯ ತಿಂಗಳವರೆಗೂ 110/70ರ ಆಸುಪಾಸಿನಲ್ಲಿದ್ದ ಅವಳ ರಕ್ತದೊತ್ತಡ ಕಳೆದ ವಾರ ಊರಿನ ಆರೋಗ್ಯ ಕೇಂದ್ರದಲ್ಲಿ 138/88 ಇತ್ತು. ಮೊನ್ನೆ ಮಂಗಳೂರಿನಲ್ಲಿ 142/92 ಬಂತು. ಒಂದು ತಾಸು ಕೂರಿಸಿ ಮತ್ತೆ ನೋಡಿದಾಗ 136/86ಕ್ಕೆ ಇಳಿದಿತ್ತು. ಮೂತ್ರದಲ್ಲಿ ಪ್ರೋಟೀನ್ 'ಟ್ರೇಸ್' ಎಂದು ಬರೆದಿದ್ದಾರೆ. ಸಂಜೆಯ ಹೊತ್ತಿಗೆ ಕಾಲು ಬಾತುಕೊಳ್ಳುತ್ತದೆಯೇ ಹೊರತು ತಲೆನೋವಾಗಲಿ, ಕಣ್ಣು ಮಂಜಾಗುವುದಾಗಲಿ ಇಲ್ಲ.

ರಕ್ತದ ವರದಿ ಹೀಗಿದೆ: ಹಿಮೋಗ್ಲೋಬಿನ್ 13.1 (ಐದನೆಯ ತಿಂಗಳಲ್ಲಿ 11.4 ಇತ್ತು), ಪ್ಲೇಟ್‌ಲೆಟ್ 1.72 ಲಕ್ಷ (ಆಗ 2.35 ಲಕ್ಷ), ಯೂರಿಕ್ ಆಸಿಡ್ 5.6, ಕ್ರಿಯೇಟಿನಿನ್ 0.7, ಎಸ್‌ಜಿಒಟಿ 28, ಎಸ್‌ಜಿಪಿಟಿ 24, ಆಲ್ಕಲೈನ್ ಫಾಸ್ಫಟೇಸ್ 168, ಎಲ್‌ಡಿಎಚ್ 410. ಕೊನೆಯ ಎರಡರ ಮುಂದೆ ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಅಚ್ಚಾಗಿದೆ. ಇವಲ್ಲದೆ ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಅನುಪಾತ ಎಂಬ ಹೊಸ ಪರೀಕ್ಷೆಯೊಂದನ್ನು ಮಾಡಿಸಿದರು. ಅದರ ಫಲಿತಾಂಶ 31. 'ಮೂವತ್ತೆಂಟರ ಒಳಗಿದೆ, ಹೆದರಬೇಡಿ' ಎಂದು ಕೌಂಟರಿನಲ್ಲಿ ಹೇಳಿದರಂತೆ. ಮನೆಯಲ್ಲಿ ಒಬ್ಬರು ಇದನ್ನೇ ಹಿಡಿದುಕೊಂಡು ಇನ್ನು ಹೆರಿಗೆಯವರೆಗೆ ಯೋಚಿಸುವುದೇನೂ ಇಲ್ಲ ಎನ್ನುತ್ತಿದ್ದಾರೆ. ಇನ್ನೊಬ್ಬರು ಯೂರಿಕ್ ಆಸಿಡ್ ಏರಿದೆ, ಇದು ನಂಜೇ (ಬಸುರಿನಲ್ಲಿ ಬಿಪಿ ಏರಿ ಬರುವ ಪ್ರಿಎಕ್ಲಾಂಪ್ಸಿಯ ಕಾಯಿಲೆ) ಸರಿ, ಇವತ್ತಿನಿಂದಲೇ ಉಪ್ಪು ಬಿಡಿಸಿ ಎನ್ನುತ್ತಿದ್ದಾರೆ. ನಮ್ಮ ಊರು ಕೇರಳದ ಕಾಸರಗೋಡು ಜಿಲ್ಲೆಯದಾದ್ದರಿಂದ ಅವಳ ತಾಯಿ ಕಾರ್ಡು ಮಲಯಾಳದಲ್ಲಿದೆ, ಲ್ಯಾಬಿನ ವರದಿ ಇಂಗ್ಲಿಷಿನಲ್ಲಿದೆ, ವಾದವೆಲ್ಲ ಕನ್ನಡದಲ್ಲಿ ನಡೆದಿದೆ. ತಿಳಿದವರು ದಯವಿಟ್ಟು ಇಷ್ಟನ್ನು ಹೇಳಿ: ಈ ಅಂಕಿಗಳಲ್ಲಿ ಯಾವುದಕ್ಕೆ ಎಷ್ಟು ತೂಕ? 31 ಎಂಬ ಅಂಕಿಯ ಭರವಸೆ ಎಷ್ಟು ದಿನದ್ದು?

ಉತ್ತರ 1: ಲ್ಯಾಬ್ ಮೇಜಿನಿಂದ

ಕಾಞಂಗಾಡಿನಲ್ಲಿ ಹಲವು ವರ್ಷ ಜೀವರಸಾಯನ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಚಿಕಿತ್ಸೆಯ ಮಾತನ್ನು ವೈದ್ಯರಿಗೆ ಬಿಟ್ಟು, ವರದಿಯನ್ನು ಓದುವ ಬಗೆಯನ್ನಷ್ಟೇ ಹೇಳುತ್ತೇನೆ.

ಮೊದಲು ಆಲ್ಕಲೈನ್ ಫಾಸ್ಫಟೇಸಿನ ಭಯವನ್ನು ಬಿಡಿ. ಆ ಕಿಣ್ವವನ್ನು ಯಕೃತ್ತು ಮಾತ್ರವಲ್ಲದೆ ಮಾಸವೂ (ಮಗುವಿಗೆ ಆಹಾರ ಒದಗಿಸುವ ಪ್ಲಸೆಂಟಾ) ತಯಾರಿಸುತ್ತದೆ. ಆದ್ದರಿಂದ ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ಏರುವುದು ಸಹಜ. ಯಂತ್ರಕ್ಕೆ ರೋಗಿ ಬಸುರಿ ಎಂಬುದು ತಿಳಿಯದು, ಅದು ಎಲ್ಲರಿಗೂ ಒಂದೇ ಗೆರೆ ಹಾಕಿ 'ಹೆಚ್ಚು' ಎಂದು ಅಚ್ಚೊತ್ತುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಯಕೃತ್ತಿನ ಕಿಣ್ವಗಳು ಹಾಗಲ್ಲ: ಸಹಜ ಬಸುರಿನಲ್ಲಿ ಅವು ಏರುವುದಿಲ್ಲ, ಏರಿದರೆ ಕಾರಣ ಹುಡುಕಲೇಬೇಕು. ನಿಮ್ಮಲ್ಲಿ ಅವೆರಡೂ ಸರಿಯಾಗಿವೆ.

ಎಲ್‌ಡಿಎಚ್ 410ರ ಬಗ್ಗೆ ನನಗೆ ಸಂದೇಹವಿದೆ. ಕೆಂಪು ರಕ್ತಕಣಗಳು ಒಡೆದರೆ ಈ ಅಂಕಿ ಏರುತ್ತದೆ. ಆದರೆ ಕಣಗಳು ದೇಹದೊಳಗೆ ಒಡೆದವೋ ಕೊಳವೆಯೊಳಗೆ ಒಡೆದವೋ ಎಂಬುದೇ ಮುಖ್ಯ ಪ್ರಶ್ನೆ. ಸಣ್ಣ ಸೂಜಿಯಲ್ಲಿ ಬಲವಾಗಿ ಎಳೆದರೆ, ಕೊಳವೆಯನ್ನು ಜೋರಾಗಿ ಕುಲುಕಿದರೆ, ಸಂಗ್ರಹ ಕೇಂದ್ರದಲ್ಲಿ ತೆಗೆದ ರಕ್ತವನ್ನು ಬೇರ್ಪಡಿಸದೆ ನಮ್ಮ ರಸ್ತೆಗಳ ಮೇಲೆ ಎರಡು ಮೂರು ತಾಸು ಕುಣಿಸಿಕೊಂಡು ಒಯ್ದರೆ, ರೋಗವಿಲ್ಲದವರ ಎಲ್‌ಡಿಎಚ್ ಕೂಡ ಏರಿಬಿಡುತ್ತದೆ. ಸೀರಮ್ (ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ದ್ರವ) ಗುಲಾಬಿ ಬಣ್ಣಕ್ಕೆ ತಿರುಗಿತ್ತೇ ಎಂದು ಲ್ಯಾಬಿನವರನ್ನು ಕೇಳಿ, ಇನ್ನೊಮ್ಮೆ ಅಲ್ಲಿಯೇ ರಕ್ತ ತೆಗೆಸಿ ನೋಡಿ. ಹೆಲ್ಪ್ ಸಿಂಡ್ರೋಮ್ ಎಂದು 1982ರಲ್ಲಿ ಲೂಯಿಸ್ ವೈನ್‌ಸ್ಟೈನ್ ಹೆಸರಿಟ್ಟ ಗಂಭೀರ ಸ್ಥಿತಿಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬರುತ್ತವೆ: ಕೆಂಪು ಕಣಗಳ ಒಡೆತ, ಯಕೃತ್ತಿನ ಕಿಣ್ವಗಳ ಏರಿಕೆ, ಪ್ಲೇಟ್‌ಲೆಟ್ ಇಳಿತ. ಸಾಮಾನ್ಯವಾಗಿ ಎಲ್‌ಡಿಎಚ್ 600 ದಾಟಿರುತ್ತದೆ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದಿರುತ್ತದೆ. ಮೂರರಲ್ಲಿ ಒಂದೇ ಏರಿ ಉಳಿದೆರಡು ತಣ್ಣಗಿದ್ದರೆ ನಾನು ಮೊದಲು ಅನುಮಾನಿಸುವುದು ಕೊಳವೆಯನ್ನು.

ಪ್ಲೇಟ್‌ಲೆಟ್ 1.72 ಲಕ್ಷ ಎಂಬುದು ಮಿತಿಯೊಳಗಿದೆ ನಿಜ, ಆದರೆ 2.35ರಿಂದ ಇಳಿದು ಬಂದಿದೆ. ಸಹಜ ಬಸುರಿನಲ್ಲಿಯೂ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಒಂದು ಅಂಕಿಗಿಂತ ಅಂಕಿಗಳ ಸಾಲನ್ನು ನೋಡಬೇಕು. ಹಳೆಯ ವರದಿಗಳನ್ನು ಎಸೆಯಬೇಡಿ. ಇನ್ನು ಹಿಮೋಗ್ಲೋಬಿನ್. 11.4 ಇದ್ದದ್ದು 13.1 ಆಯಿತೆಂದು ಮನೆಯಲ್ಲಿ ಸಂತೋಷಪಟ್ಟಿರಬಹುದು. ಆದರೆ ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚಿ ಹಿಮೋಗ್ಲೋಬಿನ್ ಒಂದಿಷ್ಟು ತಗ್ಗುವುದೇ ಸಹಜ ನಡೆ. ಕಬ್ಬಿಣದ ಮಾತ್ರೆಯಿಂದ ಏರಿದ್ದರೆ ಒಳ್ಳೆಯದು. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾದದ್ದರಿಂದ ಏರಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ. ಬಿಪಿ ಏರುತ್ತಿರುವ ಹೊತ್ತಿನಲ್ಲೇ ಇದೂ ಏರಿದೆ ಎಂಬುದನ್ನು ವೈದ್ಯರ ಗಮನಕ್ಕೆ ತನ್ನಿ.

ಯೂರಿಕ್ ಆಸಿಡ್ ನೂರು ವರ್ಷದಿಂದ ಈ ಕಾಯಿಲೆಯ ಜೊತೆಗೆ ಓದಿಸಿಕೊಂಡು ಬಂದ ಅಂಕಿ. ಕಾಯಿಲೆ ಇದ್ದವರಲ್ಲಿ ಅದು ಏರುವುದು ಹೌದು, ಆದರೆ ಯಾರಿಗೆ ಕಾಯಿಲೆ ಬರಲಿದೆ ಎಂದು ಮುಂಚಿತವಾಗಿ ಹೇಳುವ ಶಕ್ತಿ ಅದಕ್ಕೆ ಕಡಿಮೆ. 5.6ನ್ನು ನೋಡಿ ನಂಜು ಎಂದು ತೀರ್ಪು ಕೊಡುವುದು ಅವಸರವಾಯಿತು.

ಉತ್ತರ 2: ಮಂಜೇಶ್ವರದ ವೈದ್ಯೆ

ನಾನು ಪ್ರಸೂತಿ ವೈದ್ಯೆ. ನಿಮ್ಮ ತಂಗಿಯನ್ನು ಪರೀಕ್ಷಿಸದೆ ಅವಳ ಬಗ್ಗೆ ತೀರ್ಮಾನ ಹೇಳಲಾರೆ. ಅಂಕಿಗಳ ಅರ್ಥವನ್ನು ಹೇಳಬಲ್ಲೆ.

20 ವಾರ ಕಳೆದ ಮೇಲೆ, ಕನಿಷ್ಠ ನಾಲ್ಕು ತಾಸಿನ ಅಂತರದಲ್ಲಿ ಎರಡು ಸಲ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಬಸುರಿನ ಅಧಿಕ ರಕ್ತದೊತ್ತಡ ಎನ್ನುತ್ತೇವೆ. ಅದರೊಂದಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಪ್ರೋಟೀನ್ ಇಲ್ಲದಿದ್ದರೂ ಪ್ಲೇಟ್‌ಲೆಟ್, ಯಕೃತ್ತು, ಮೂತ್ರಪಿಂಡ, ಮಿದುಳು ಇವುಗಳಲ್ಲಿ ಯಾವುದಾದರೂ ತೊಂದರೆಗೆ ಒಳಗಾಗಿದ್ದರೆ ಅದು ಪ್ರಿಎಕ್ಲಾಂಪ್ಸಿಯ. ಈ ಲೆಕ್ಕದಲ್ಲಿ ನಿಮ್ಮ ತಂಗಿ ಇನ್ನೂ ಹೊಸ್ತಿಲ ಮೇಲಿದ್ದಾಳೆ. 'ಟ್ರೇಸ್' ಎಂಬುದು ಅಂದಾಜಿನ ಮಾತು. ಮೂತ್ರದ ಪ್ರೋಟೀನ್ ಮತ್ತು ಕ್ರಿಯೇಟಿನಿನ್ ಅನುಪಾತವನ್ನು ಮಾಡಿಸಿ, ಅದು 0.3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲೆಕ್ಕಕ್ಕೆ ಬರುತ್ತದೆ.

ಹೊಸ ಪರೀಕ್ಷೆ ಅಳೆಯುವುದೇನು ಎಂಬುದು ತಿಳಿದರೆ 31ರ ಅರ್ಥ ತಾನಾಗಿ ತಿಳಿಯುತ್ತದೆ. ನಮ್ಮ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವುದನ್ನು ನೀವು ನೋಡಿರುತ್ತೀರಿ. ಬಸುರಿನ ಮೊದಲರ್ಧದಲ್ಲಿ ಮಾಸದ ಕೋಶಗಳು ಗರ್ಭಕೋಶದ ಗೋಡೆಯೊಳಗೆ ನುಗ್ಗಿ, ಅಲ್ಲಿನ ಸುರುಳಿ ರಕ್ತನಾಳಗಳ ಸ್ನಾಯುವನ್ನು ಸವೆಸಿ, ಅವುಗಳನ್ನು ಅಗಲವಾದ, ಒತ್ತಡವಿಲ್ಲದ ಹಾದಿಗಳಾಗಿ ಮಾಡುತ್ತವೆ. ಕೊರೆಯುವ ಕೆಲಸ ಅರ್ಧಕ್ಕೆ ನಿಂತರೆ ಹಾದಿ ಇಕ್ಕಟ್ಟಾಗಿಯೇ ಉಳಿದು, ಮಾಸಕ್ಕೆ ಬರುವ ರಕ್ತ ಸಣ್ಣ ಧಾರೆಯಾಗಿ ಚಿಮ್ಮಿ ಬರುತ್ತದೆ. ಹೀಗೆ ಸಂಕಟಕ್ಕೆ ಸಿಕ್ಕ ಮಾಸವು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ಪಿಎಲ್‌ಜಿಎಫ್ ಮತ್ತು ವಿಇಜಿಎಫ್ ಎಂಬ ಎರಡು ಪ್ರೋಟೀನುಗಳು ರಕ್ತನಾಳದ ಒಳಪದರವನ್ನು ಕಾಪಾಡುವಂಥವು. ಎಸ್‌ಎಫ್‌ಎಲ್‌ಟಿ-1 ರಕ್ತದಲ್ಲಿ ಅಲೆಯುತ್ತ ಇವೆರಡನ್ನೂ ಹಿಡಿದುಹಾಕುತ್ತದೆ. ಕಾವಲು ಕಳೆದುಕೊಂಡ ಒಳಪದರ ಎಲ್ಲೆಲ್ಲಿ ಕೆಡುತ್ತದೆಯೋ ಅಲ್ಲಲ್ಲಿ ಲಕ್ಷಣ ಕಾಣುತ್ತದೆ: ಮೂತ್ರಪಿಂಡದಲ್ಲಿ ಪ್ರೋಟೀನ್ ಸೋರಿಕೆ, ಯಕೃತ್ತಿನಲ್ಲಿ ಕಿಣ್ವಗಳ ಏರಿಕೆ, ಮಿದುಳಿನಲ್ಲಿ ತಲೆನೋವು ಮತ್ತು ಸೆಳವು.

2003ರಲ್ಲಿ ಮೇನಾರ್ಡ್, ಕರುಮಂಚಿ ಮತ್ತು ಸಂಗಡಿಗರು ಈ ಪ್ರೋಟೀನನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ಅವುಗಳಿಗೆ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಹೋಯಿತು, ಮೂತ್ರಪಿಂಡದಲ್ಲಿ ಈ ಕಾಯಿಲೆಯದೇ ಆದ ಬದಲಾವಣೆ ಕಂಡಿತು. ವಿಇಜಿಎಫನ್ನು ತಡೆಯುವ ಕ್ಯಾನ್ಸರ್ ಔಷಧಿಗಳು ಬಸುರಿಯಲ್ಲದವರಲ್ಲಿಯೂ ಬಿಪಿ ಏರಿಸಿ ಪ್ರೋಟೀನ್ ಸೋರಿಸುವುದನ್ನು ಇದರ ಜೊತೆಗಿಟ್ಟು ನೋಡಿದರೆ ಕಾರಣದ ಸರಪಳಿ ಸ್ಪಷ್ಟವಾಗುತ್ತದೆ. ನಮ್ಮ ಹಿರಿಯರು ಇದನ್ನು ನಂಜು ಎಂದರು, ಪಶ್ಚಿಮದ ವೈದ್ಯರೂ ಹಿಂದೆ ಟಾಕ್ಸೀಮಿಯ ಎಂದೇ ಕರೆಯುತ್ತಿದ್ದರು. ನಂಜು ಕೈಗೆ ಸಿಗದ್ದರಿಂದ ಆ ಹೆಸರನ್ನು ಕೈಬಿಟ್ಟರು. ರಕ್ತದಲ್ಲಿ ಸುತ್ತುವ ವಸ್ತುವೊಂದು ಕೊನೆಗೂ ಸಿಕ್ಕಿದ ಮೇಲೆ, ಹಳೆಯ ಹೆಸರು ಅಷ್ಟೇನೂ ಪೆದ್ದುತನದ್ದಲ್ಲ ಎಂದು ನನಗೆ ಅನಿಸುತ್ತದೆ.

ಈಗ 31. ಈ ಪ್ರೋಟೀನುಗಳ ಏರಿಳಿತ ಕಾಯಿಲೆ ಕಾಣುವುದಕ್ಕೆ ಸುಮಾರು ಐದು ವಾರ ಮುಂಚೆಯೇ ಆರಂಭವಾಗುತ್ತದೆಂದು 2004ರ ಅಧ್ಯಯನವೊಂದು ತೋರಿಸಿತು. 2016ರಲ್ಲಿ ಪ್ರಕಟವಾದ ಪ್ರೋಗ್ನೋಸಿಸ್ ಅಧ್ಯಯನ 14 ದೇಶಗಳಲ್ಲಿ, ಕಾಯಿಲೆಯ ಸಂದೇಹವಿದ್ದ ಬಸುರಿಯರಲ್ಲಿ ನಡೆಯಿತು. ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 99.3 ಶೇಕಡಾ ಮಂದಿಗೆ ಮುಂದಿನ ಒಂದು ವಾರದಲ್ಲಿ ಕಾಯಿಲೆ ಬರಲಿಲ್ಲ. ಒಂದು ವಾರ ಎಂಬ ಮಾತನ್ನು ದಯವಿಟ್ಟು ಅಡಿಗೆರೆ ಹಾಕಿ ಓದಿ. ಹೆರಿಗೆಯವರೆಗಿನ ಭರವಸೆಯನ್ನು ಆ ಅಂಕಿ ಕೊಟ್ಟೇ ಇಲ್ಲ. ಅತ್ತ 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಬಂದದ್ದು 36.6 ಶೇಕಡಾ ಮಂದಿಗೆ. ಅಂದರೆ ದಾಟಿದವರಲ್ಲೂ ಹೆಚ್ಚಿನವರು ಆ ಅವಧಿಯಲ್ಲಿ ಪಾರಾದರು. ಬರುವುದಿಲ್ಲ ಎಂದು ಹೇಳುವುದರಲ್ಲಿ ಈ ಪರೀಕ್ಷೆ ಗಟ್ಟಿ, ಬರುತ್ತದೆ ಎಂದು ಹೇಳುವುದರಲ್ಲಿ ಅಷ್ಟು ಗಟ್ಟಿಯಲ್ಲ. ಇನ್ನೂ ಒಂದು ಮಾತು: ನಾಳೆ ಬಿಪಿ 160/110 ಬಂದರೆ ಇವತ್ತಿನ 31 ಅದನ್ನು ರದ್ದು ಮಾಡುವುದಿಲ್ಲ. ಆಗ ಅನುಪಾತದ ಮಾತೆತ್ತದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಉಪ್ಪನ್ನು ಪೂರ್ತಿ ಬಿಡಿಸಬೇಡಿ. ಉಪ್ಪು ಬಿಟ್ಟವರಿಗೆ ಈ ಕಾಯಿಲೆ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಉತ್ತರ 3: ಬೋವಿಕ್ಕಾನದ ತಾಯಿ

ವೈದ್ಯೆಯವರ ಮಾತಿಗೆ ಎದುರಾಡುವಷ್ಟು ಓದು ನನಗಿಲ್ಲ, ಆದರೆ ಈ ಕಾಯಿಲೆಯನ್ನು ಉಂಡವಳು ನಾನು. ಮೊದಲ ಬಸುರಿನ 35ನೆಯ ವಾರದಲ್ಲಿ ಎದೆಗುಂಡಿಗೆಯ ಕೆಳಗೆ, ಬಲಕ್ಕೆ, ಹಿಂಡುವಂಥ ನೋವು ಬಂತು. ಮನೆಯಲ್ಲಿ ಗ್ಯಾಸ್ ಎಂದು ಓಮದ ನೀರು ಕೊಟ್ಟರು. ಹೋದ ಆಸ್ಪತ್ರೆಯಲ್ಲಿಯೂ ಗ್ಯಾಸಿನ ಮಾತ್ರೆಯನ್ನೇ ಕೊಟ್ಟು, ರಕ್ತ ತೆಗೆದು, ವರದಿಯನ್ನು ಸೋಮವಾರ ಒಯ್ಯಿರಿ ಎಂದರು. ಅಂದು ಶನಿವಾರ. ಪ್ಲೇಟ್‌ಲೆಟ್ 74,000 ಎಂದು ಅಚ್ಚಾದ ಕಾಗದ ಎರಡು ದಿನ ಕೌಂಟರಿನ ಡಬ್ಬದಲ್ಲಿ ಮಲಗಿತ್ತು. ಸೋಮವಾರ ಅದನ್ನು ಕಂಡವರು ನನ್ನನ್ನು ಅಂದೇ ಗಡಿ ದಾಟಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಮಗು ಉಳಿಯಿತು, ನಾನೂ ಉಳಿದೆ. ಆದ್ದರಿಂದ ನನ್ನ ತಕರಾರು ಇಷ್ಟು: ಹೊಸ ಪರೀಕ್ಷೆಗೆ ಸಾವಿರಗಟ್ಟಲೆ ಕೊಡುವುದಕ್ಕಿಂತ ಹಳೆಯ ಪರೀಕ್ಷೆಯ ವರದಿಯನ್ನು ಅಂದೇ ಓದುವವರು ಇದ್ದರೆ ಸಾಕಲ್ಲವೇ? ಆ ಹಣದಲ್ಲಿ ಮನೆಗೊಂದು ಬಿಪಿ ಯಂತ್ರ ಬರುತ್ತದೆ.

ಇನ್ನೊಂದನ್ನು ಯಾರೂ ಹೇಳಲಿಲ್ಲ. ಹೆರಿಗೆಯಾದ ಐದನೆಯ ದಿನ ತವರಿನಲ್ಲಿ ನನಗೆ ತಲೆ ಸಿಡಿಯುವಂಥ ನೋವು ಬಂತು. ಬಾಣಂತಿಗೆ ಶೀತವಾಗಿದೆ ಎಂದು ತಲೆಗೆ ಬಟ್ಟೆ ಕಟ್ಟಿ, ಮುಲಾಮು ತಿಕ್ಕಿ ಮಲಗಿಸಿದರು. ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಬಂದವರು ಸಂದೇಹಪಟ್ಟು ಒತ್ತಾಯಿಸಿದ್ದರಿಂದ ಬಿಪಿ ನೋಡಿಸಿದೆವು, 168/112 ಇತ್ತು. ಮಾಸ ಹೊರಬಿದ್ದ ಮೇಲೆ ಕಾಯಿಲೆ ಮುಗಿಯಿತು ಎಂದುಕೊಂಡಿದ್ದು ನಮ್ಮ ತಪ್ಪು. ಎರಡನೆಯ ಬಸುರಿನಲ್ಲಿ 12ನೆಯ ವಾರದಿಂದಲೇ ರಾತ್ರಿ ಹೊತ್ತು ಆಸ್ಪಿರಿನ್ ಕೊಟ್ಟರು, 36 ವಾರಕ್ಕೆ ನಿಲ್ಲಿಸಿದರು. 38 ವಾರಕ್ಕೆ ಸುಖವಾಗಿ ಹೆತ್ತೆ.

ಉತ್ತರ 4: ಮಂಜೇಶ್ವರದ ವೈದ್ಯೆ

ಬೋವಿಕ್ಕಾನದವರ ತಕರಾರಿನ ಮುಕ್ಕಾಲು ಭಾಗ ನನಗೆ ಒಪ್ಪಿಗೆ. ಮನೆಯಲ್ಲಿ ಯಂತ್ರವಿರಲಿ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ತೋಳಿಗೆ ಸರಿಹೊಂದುವ ಪಟ್ಟಿ ಕಟ್ಟಿ ನೋಡಿ, ಬರೆದಿಡಿ. ಬಸ್ಸಿನಿಂದ ಇಳಿದ ಕೂಡಲೇ ನೋಡಿದ ಬಿಪಿ ಲೆಕ್ಕಕ್ಕಿಲ್ಲ. ಹೆರಿಗೆಯ ನಂತರ ಬಿಪಿ ಮೂರರಿಂದ ಆರನೆಯ ದಿನದ ನಡುವೆ ಮತ್ತೆ ಏರುವುದುಂಟು. ಅದು ಆಸ್ಪತ್ರೆ ಬಿಟ್ಟು ತವರು ಸೇರಿದ ಹೊತ್ತು, ನೋಡುವವರಿಲ್ಲದ ಹೊತ್ತು. ಅವರು ಹೇಳಿದ ಆ ಬಲಗಡೆಯ ನೋವು ಯಕೃತ್ತಿನದು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದನ್ನು ಗ್ಯಾಸ್ ಎನ್ನುವ ಮುಂಚೆ ಬಿಪಿ ನೋಡಿ, ಪ್ಲೇಟ್‌ಲೆಟ್ ಮತ್ತು ಎಸ್‌ಜಿಒಟಿ ಮಾಡಿಸಲೇಬೇಕು.

ಉಳಿದ ಕಾಲು ಭಾಗ ಹೀಗೆ. ಬ್ರಿಟನ್ನಿನ 11 ಹೆರಿಗೆ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ಯಾರಟ್ ಅಧ್ಯಯನದಲ್ಲಿ, ಪಿಎಲ್‌ಜಿಎಫ್ ಫಲಿತಾಂಶ ವೈದ್ಯರ ಕೈಗೆ ಸಿಕ್ಕಾಗ ಕಾಯಿಲೆಯನ್ನು ಗುರುತಿಸಲು ಹಿಡಿದ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು. ಮನೆಯಿಂದ ಒಳ್ಳೆಯ ಆಸ್ಪತ್ರೆಗೆ ಎರಡು ತಾಸಿನ ದಾರಿ ಇರುವವರಿಗೆ, ಈ ವಾರ ಊರಲ್ಲಿರಬಹುದೇ, ಆಸ್ಪತ್ರೆಯ ಹತ್ತಿರ ಬಂದಿರಬೇಕೇ ಎಂದು ನಿರ್ಧರಿಸುವುದಕ್ಕೆ ಇದು ಉಪಯುಕ್ತ. ಸಂದೇಹವೇ ಇಲ್ಲದವರಿಗೆ ಸುಮ್ಮನೆ ಮಾಡಿಸುವುದು ಹಣದ ಪೋಲು. ಕಾಯಿಲೆ ಖಚಿತವಾದವರಿಗೆ ರೋಗ ಗುರುತಿಸಲು ಅದರ ಅಗತ್ಯವಿಲ್ಲ.

ಆಸ್ಪಿರಿನ್ ಬಗ್ಗೆ: 2017ರ ಆಸ್ಪ್ರೆ ಅಧ್ಯಯನದಲ್ಲಿ 11ರಿಂದ 14 ವಾರದ ನಡುವೆ ಅಪಾಯ ಹೆಚ್ಚಿರುವವರನ್ನು ಆರಿಸಿದರು. ಆಯ್ಕೆಗೆ ಬಳಸಿದ್ದು ತಾಯಿಯ ಹಿನ್ನೆಲೆ, ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವನ್ನು ನೋಡುವ ಸ್ಕ್ಯಾನ್), ರಕ್ತದ ಪಿಎಲ್‌ಜಿಎಫ್ ಮತ್ತು ಪಿಎಪಿಪಿ-ಎ ಎಂಬ ಮಾಸದ ಇನ್ನೊಂದು ಪ್ರೋಟೀನ್. ಅವರಿಗೆ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯ 4.3 ಶೇಕಡಾದಿಂದ 1.6ಕ್ಕೆ ಇಳಿಯಿತು. ಪಿಎಲ್‌ಜಿಎಫಿನ ನಿಜವಾದ ಬೆಲೆ ಇರುವುದು ಇಂಥ ಮೊದಲ ತಿಂಗಳುಗಳಲ್ಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗ ಮಾಡುವುದಕ್ಕೆ ಏನಾದರೂ ಇರುತ್ತದೆ. 29ನೆಯ ವಾರದಲ್ಲಿ ಆಸ್ಪಿರಿನ್ ಶುರುಮಾಡಿ ಪ್ರಯೋಜನವಿಲ್ಲ, ಪೆರ್ಲದವರು ತಾವಾಗಿ ಕೊಡಬೇಡಿ.

ಪೆರ್ಲದ ಅಕ್ಕ (ಹನ್ನೆರಡು ದಿನದ ನಂತರ)

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತಿನಂತೆ ಎಲ್‌ಡಿಎಚ್ ಮತ್ತೆ ಮಾಡಿಸಿದೆವು. 214 ಬಂತು, ತಪ್ಪು ಕೊಳವೆಯದೇ ಆಗಿತ್ತು. ಆದರೆ ಮನೆಯಲ್ಲಿ ಬರೆದಿಡುತ್ತಿದ್ದ ಬಿಪಿ ಎಂಟನೆಯ ದಿನದಿಂದ ಏರತೊಡಗಿತು. ನಿನ್ನೆ ಬೆಳಿಗ್ಗೆ 148/96, ನಾಲ್ಕು ತಾಸಿನ ನಂತರ 146/94. ಮೂತ್ರದ ಪ್ರೋಟೀನ್ ಅನುಪಾತ 0.42, ಪ್ಲೇಟ್‌ಲೆಟ್ 1.48 ಲಕ್ಷ, ಎಸ್‌ಜಿಒಟಿ 31. ಬೇರೊಂದು ಆಸ್ಪತ್ರೆಯಲ್ಲಿ ದಾಖಲು ಮಾಡಿದ್ದೇವೆ. ಅಲ್ಲಿ ಹೊಸ ಪರೀಕ್ಷೆಯನ್ನು ಮತ್ತೆ ಮಾಡಿ 74 ಎಂದಿದ್ದಾರೆ. ಬಿಪಿ ಇಳಿಸಲು ಲ್ಯಾಬೆಟಲಾಲ್ ಆರಂಭಿಸಿದ್ದಾರೆ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ನಾಳೆ ಇದೆ. 31 ಇದ್ದದ್ದು ಹನ್ನೆರಡೇ ದಿನದಲ್ಲಿ 74 ಆಯಿತೆಂದರೆ ಕೂಡಲೇ ಹೆರಿಗೆ ಮಾಡಿಸಬೇಕಾಗುತ್ತದೆಯೇ?

ಉತ್ತರ 5: ಮಂಜೇಶ್ವರದ ವೈದ್ಯೆ

ಸರಿಯಾದ ಹೊತ್ತಿಗೆ ಹೋಗಿದ್ದೀರಿ. ಈಗ ಬಿಪಿ ಮತ್ತು ಪ್ರೋಟೀನ್ ಎರಡೂ ಗೆರೆ ದಾಟಿರುವುದರಿಂದ ಕಾಯಿಲೆ ಖಚಿತವಾಗಿದೆ. 74 ಎಂಬುದು ಅದಕ್ಕೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. 34 ವಾರಕ್ಕೆ ಮುಂಚೆ 85 ದಾಟಿದರೆ ಮಾಸದ ತೊಂದರೆ ಬಲವಾಗಿದೆ ಎಂದು ತಿಳಿಯುತ್ತಾರೆ. ನಿಮ್ಮದು ನಡುವಿನ ಪಟ್ಟಿಯಲ್ಲಿದೆ. ಹೆರಿಗೆಯ ದಿನವನ್ನು ಯಾವ ವೈದ್ಯರೂ ಅನುಪಾತವೊಂದನ್ನೇ ನೋಡಿ ಗೊತ್ತುಮಾಡುವುದಿಲ್ಲ. ಬಿಪಿ ಔಷಧಿಗೆ ಬಗ್ಗುತ್ತಿದೆಯೇ, ಪ್ಲೇಟ್‌ಲೆಟ್ 1 ಲಕ್ಷದ ಮೇಲಿದೆಯೇ, ಎಸ್‌ಜಿಒಟಿ ಇಮ್ಮಡಿಯಾಗಿದೆಯೇ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯೇಟಿನಿನ್ 1.1 ದಾಟಿದೆಯೇ, ಹೊಕ್ಕುಳಬಳ್ಳಿಯ ಡಾಪ್ಲರ್ ಹೇಗಿದೆ ಎಂಬುದನ್ನು ನೋಡುತ್ತಾರೆ. ತೀವ್ರ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ 37 ವಾರದವರೆಗೆ ಕಾಯುತ್ತಾರೆ, ಇದ್ದರೆ 34 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ. ತಾಯಿ ಅಥವಾ ಮಗುವಿನ ಸ್ಥಿತಿ ಕೆಟ್ಟರೆ ಅದಕ್ಕೂ ಮುಂಚೆ. ಮಗುವಿನ ಶ್ವಾಸಕೋಶಕ್ಕೆಂದು ಸ್ಟೆರಾಯ್ಡ್ ಚುಚ್ಚುಮದ್ದು ಕೊಡಲು ಹೇಳಿದರೆ ಹಿಂಜರಿಯಬೇಡಿ. ತೀವ್ರ ಲಕ್ಷಣ ಕಂಡರೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ; ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂದು 2002ರ ಮ್ಯಾಗ್‌ಪೈ ಅಧ್ಯಯನ ತೋರಿಸಿದೆ.

ಉತ್ತರ 6: ಲ್ಯಾಬ್ ಮೇಜಿನಿಂದ

ಒಂದು ಸಣ್ಣ ಮಾತನ್ನು ಸೇರಿಸುತ್ತೇನೆ. 31 ಬಂದದ್ದು ಒಂದು ಲ್ಯಾಬಿನಲ್ಲಿ, 74 ಬಂದದ್ದು ಇನ್ನೊಂದರಲ್ಲಿ. ಈ ಪರೀಕ್ಷೆಯ ಕಿಟ್ಟುಗಳನ್ನು ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ, ಒಂದರ ಅಂಕಿಯನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು. 38 ಮತ್ತು 85 ಎಂಬ ಗೆರೆಗಳು ರೋಶ್ ಕಂಪನಿಯ ಕಿಟ್ಟಿನವು. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಥರ್ಮೋ ಫಿಶರ್ ಕಿಟ್ಟಿಗೆ 40 ಎಂಬ ಬೇರೆ ಗೆರೆಯಿದೆ. ಅದು ಆಸ್ಪತ್ರೆಗೆ ದಾಖಲಾದವರಲ್ಲಿ ಮುಂದಿನ ಎರಡು ವಾರದೊಳಗೆ ತೀವ್ರ ಲಕ್ಷಣ ಬರಬಹುದೇ ಎಂಬ ಪ್ರಶ್ನೆಗಾಗಿ ಹಾಕಿದ ಗೆರೆ. ಪ್ಲೇಟ್‌ಲೆಟ್ ವಿಷಯದಲ್ಲಿಯೂ ಎಚ್ಚರ: ಮುಂದೆ ಇದ್ದಕ್ಕಿದ್ದಂತೆ ತೀರಾ ಕಡಿಮೆ ಅಂಕಿ ಬಂದರೆ, ವೈದ್ಯರಿಗೆ ಆ ಕ್ಷಣವೇ ತಿಳಿಸಿ, ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ಕಣ್ಣಿನಿಂದ ಎಣಿಸಿ ನೋಡಲು ಕೇಳಿ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಯಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರವನ್ನು ಮೋಸಗೊಳಿಸುತ್ತವೆ. ಎರಡೂ ಅನುಪಾತದ ವರದಿಗಳಲ್ಲಿ ಕಿಟ್ಟಿನ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾಳೆ ಸ್ಕ್ಯಾನಿಗೆ ಹೋಗುವಾಗ ಎರಡನ್ನೂ, ಮನೆಯ ಬಿಪಿ ಪುಸ್ತಕವನ್ನೂ ಒಂದೇ ಕಡತದಲ್ಲಿ ಹಾಕಿ ಒಯ್ಯಿರಿ.